ನಡುಗಡ್ಡೆಯಲ್ಲಿ ಬಿಟ್ಟು ಬಂದದ್ದು

ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ನಾನು ಕಣ್ಣೀರು ಹಾಕಿ ತಣ್ಣಗಾಗುತ್ತೇನೆ ಎಂದು ಕಾದು ಕೂತವರಿಗೆ ನಿರಾಸೆಯಾಗಬಾರದು.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಕಂಪನಿ ಮನೆಯಲ್ಲಿರುತ್ತಾನೆ, ರಜೆ ಸಿಕ್ಕಾಗ ಬರುತ್ತಾನೆ. ಅವ್ವ ನನ್ನ ಜೊತೆಗಿದ್ದಾಳೆ. ನಮ್ಮದು ಮಸ್ಕಿ. ಯುದ್ಧ ಸಾಕೆಂದ ಚಕ್ರವರ್ತಿಯ ಶಾಸನವಿರುವ ಗುಡ್ಡದ ಕೆಳಗೇ ನಮ್ಮ ಓಣಿ. ಅಪ್ಪನ ಕಾಲಕ್ಕೆ ನಮ್ಮ ಮನೆಗೆ ಬುದ್ಧ ಬಂದ. ಅವ್ವ ದಿನಾ ಬೆಳಿಗ್ಗೆ ಬುದ್ಧನ ಮೂರ್ತಿಯ ಮುಂದೆ ಊದುಬತ್ತಿ ಹಚ್ಚಿ, ಎಲ್ಲ ಜೀವಕ್ಕೂ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಾಳೆ. ನಾನೂ ಪಕ್ಕದಲ್ಲಿ ನಿಂತು ಕೈಮುಗಿಯುತ್ತೇನೆ. ಆ ಒಂದು ವರ್ಷ ಮಾತ್ರ ‘ಎಲ್ಲ ಜೀವ’ದಿಂದ ಒಬ್ಬನನ್ನು ಹೊರಗಿಟ್ಟು ಕೈಮುಗಿದೆ.

ಭಾನುವಾರ ನನ್ನದು ಹೊಳೆ. ಬೆಳಗಿನ ಬಸ್ಸು ಹಿಡಿದು, ಕಾಲುವೆ ನೀರಿನ ಗದ್ದೆಗಳನ್ನೂ ಅಕ್ಕಿ ಗಿರಣಿಗಳನ್ನೂ ದಾಟಿ, ಹೊಳೆ ಬದಿಯ ಒಂದು ಹಳ್ಳಿಯಲ್ಲಿ ಇಳಿದು, ಅಲ್ಲಿಂದ ಬಂಡೆಗಳ ನಡುವೆ ನಡೆಯುತ್ತಿದ್ದೆ. ಅಲ್ಲಿಯ ತುಂಗಭದ್ರೆ ನಮ್ಮ ಕಾಲುವೆಗಳ ಹಾಗೆ ಹೇಳಿದ ಮಾತು ಕೇಳುವವಳಲ್ಲ. ದೊಡ್ಡ ದೊಡ್ಡ ಬಂಡೆಗಳಿಗೆ ಸಿಕ್ಕಿ ಹತ್ತಾರು ಸೀಳಾಗಿ, ಜಾಲಿ ಮತ್ತು ಜೊಂಡು ಬೆಳೆದ ನಡುಗಡ್ಡೆಗಳನ್ನು ಸುತ್ತಿ, ಕೆಳಗೆ ಎಲ್ಲೋ ಮತ್ತೆ ಒಂದಾಗುತ್ತಾಳೆ. ಆ ಹರಿವನ್ನು ನೀರುನಾಯಿಗಳಿಗೆಂದು ಸರಕಾರ ಕಾಯ್ದಿಟ್ಟಿದೆ. ಹಾಗೆಂದು ಹೇಳುವ ಬೋರ್ಡು ದಂಡೆಯಲ್ಲಿತ್ತು. ಅದಕ್ಕೆ ಎಮ್ಮೆಗಳು ಮೈ ಉಜ್ಜಿ ಉಜ್ಜಿ ಅಕ್ಷರ ಅರ್ಧ ಹೋಗಿದ್ದವು.

ನನಗೆ ಹರಗೋಲು ಕೊಡುತ್ತಿದ್ದವನು ಅಲ್ಲಿಯ ಒಬ್ಬ ಮೀನುಗಾರ ಮುದುಕ. ಬುಟ್ಟಿಯಂಥ ಆ ದೋಣಿಯನ್ನು ನಡೆಸುವುದನ್ನು ಕಲಿಯಲು ನಾನು ಒಂದು ಇಡೀ ಬೇಸಿಗೆ ತೆಗೆದುಕೊಂಡೆ. ಹುಟ್ಟನ್ನು ಬದಿಗೆ ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಮುಂದಕ್ಕೆ ಚಾಚಿ, ನೀರನ್ನು ತನ್ನ ಕಡೆಗೆ ಬಾಚಿಕೊಳ್ಳಬೇಕು. ನಾನು ತಿರುಗಿದಾಗೆಲ್ಲ ಮುದುಕ ದಂಡೆಯ ಮೇಲೆ ಬೀಡಿ ಸೇದುತ್ತ ನಗುತ್ತಿದ್ದ. ನೀರುನಾಯಿಗಳೆಂದರೆ ಅವನಿಗೆ ಆಗದು.

“ಅವೇನ್ ನಿನ್ನ ಬೀಗರೇನವ್ವ? ವಾರಾ ವಾರಾ ನೋಡಾಕ ಬರ್ತಿ. ನನ್ನ ಬಲಿ ಹರದು ಮೀನ ತಿಂದು ಹೋಗ್ತಾವ ಕಳ್ಳ ಸೂಳೆಮಕ್ಳು” ಎನ್ನುತ್ತಿದ್ದ. ಆದರೂ ಅವುಗಳ ಮೇಲೆ ಕಲ್ಲೆತ್ತಿದ್ದನ್ನು ನಾನು ಕಂಡಿಲ್ಲ. ಬೈಗಳಷ್ಟೇ.

ಆ ವರ್ಷ ಚಳಿಗಾಲದಲ್ಲಿ ಒಂದು ತಾಯಿ ನೀರುನಾಯಿ, ನಡುಗಡ್ಡೆಯೊಂದರ ಬಂಡೆ ಸಂದಿಯಲ್ಲಿ ಎರಡು ಮರಿ ಹಾಕಿತ್ತು. ಮರಿಗಳು ನೀರಿಗೆ ಅಂಜುತ್ತವೆಂದು ನಾನು ಓದಿದ್ದೆ, ನೋಡಿದ್ದು ಅಲ್ಲೇ. ತಾಯಿ ಒಂದರ ಕುತ್ತಿಗೆಯ ಚರ್ಮ ಕಚ್ಚಿ ನೀರಿಗೆ ಎಳೆಯುತ್ತಿತ್ತು. ಅದು ನಾಲ್ಕೂ ಕಾಲು ಅಗಲಿಸಿ ಬಂಡೆ ಹಿಡಿದುಕೊಂಡು ಕಿರಿಚುತ್ತಿತ್ತು. ಇನ್ನೊಂದು ತಾನು ಮಗುವೇ ಅಲ್ಲವೆನ್ನುವಂತೆ ದೂರ ಕೂತು ನೋಡುತ್ತಿತ್ತು. ನಾನು ಹರಗೋಲಿನಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಈ ಸಂಗತಿಯನ್ನು ಸೋಮವಾರ ಕಾಲೇಜಿನಲ್ಲಿ ಹೇಳಿದಾಗ, ನಾನು ಕ್ಷಮಿಸದ ಅವನು ಕೇಳಿಸಿಕೊಂಡ. ನಮ್ಮಲ್ಲೇ ವಾಣಿಜ್ಯ ಕಲಿಸುತ್ತಿದ್ದ. ಮಾತಿಗೊಮ್ಮೆ ‘ಮೇಡಂ’ ಅನ್ನುವ ವಿನಯ, ಹೊಸದಾಗಿ ಕೊಂಡ ಮೊಳದುದ್ದದ ಲೆನ್ಸಿನ ಕ್ಯಾಮೆರಾ. “ನಾನೂ ಬರ್ಲೇನ್ರಿ ಮೇಡಂ? ಒಂದ ಸಲ. ದೂರ ಕುಂತು ನೋಡ್ತೀನಿ” ಎಂದ. ಬಾ ಎಂದೆ. ಗಾಳಿಗೆ ಎದುರಾಗಿ ಕೂರುವುದನ್ನು, ಕೆಮ್ಮು ಬಂದರೆ ನುಂಗುವುದನ್ನು, ಹುಟ್ಟು ನೀರಿಗೆ ಬಡಿಯದಂತೆ ಜಾರಿಸುವುದನ್ನು ಹೇಳಿಕೊಟ್ಟೆ. ಕೆಲವು ವಾರಗಳಲ್ಲೇ ಅವನಿಗೆ ಚಿತ್ರ ಸಿಕ್ಕಿತು, ತಾಯಿ ಮತ್ತು ಎರಡು ಮರಿ ಒಂದೇ ಬಂಡೆಯ ಮೇಲೆ, ಹಿಂದೆ ಬೆಳಗಿನ ಬಿಸಿಲು. ನಿಜಕ್ಕೂ ಒಳ್ಳೆಯ ಚಿತ್ರ. ದಂಡೆಗೆ ಬಂದ ಮೇಲೆ ಕೇಳಿದೆ: “ಜಾಗ ಯಾರಿಗೂ ಹೇಳಬಾರ್ದು, ಹೌದಲ್ರಿ?”

“ನಮ್ಮವ್ವನ ಆಣಿ, ಮೇಡಂ” ಎಂದ.

ಒಂದು ಭಾನುವಾರ ಆ ಚಿತ್ರ ಪತ್ರಿಕೆಯ ಪುರವಣಿಯಲ್ಲಿ ಬಂತು. ಜೊತೆಗೆ ಅವನ ಬರಹ. ಹೊಳೆಯ ಆ ಭಾಗವನ್ನು ತಾನೇ ಹುಡುಕಿದ್ದಾಗಿ, ಮೊಸಳೆಗಳ ನಡುವೆ ಒಬ್ಬನೇ ದಿನಗಟ್ಟಲೆ ಕೂತಿದ್ದಾಗಿ ಬರೆದುಕೊಂಡಿದ್ದ. ಹಳ್ಳಿಯ ಹೆಸರು, ಬಸ್ಸು ಇಳಿಯುವ ಜಾಗ, ನಡುಗಡ್ಡೆಗೆ ಹೋಗುವ ದಾರಿ ಎಲ್ಲವೂ ಇತ್ತು. ಫೋನಿನಲ್ಲಿ ನಕ್ಷೆಯನ್ನೂ ಹರಿಬಿಟ್ಟಿದ್ದ. ನಾನು ಸ್ಟಾಫ್ ರೂಮಿನಲ್ಲಿ ಕೇಳಿದೆ. ನಕ್ಕುಬಿಟ್ಟ: “ನಾಕ್ ಮಂದಿ ನೋಡಿದ್ರ ಏನ್ ಸವದ ಹೋಕ್ಕಾವೇನ್ರಿ ಮೇಡಂ? ಊರಿಗೆ ಹೆಸರು ಬರ್ತೈತಿ.”

ಮುಂದಿನ ಭಾನುವಾರ ನಾನು ಹೊಳೆಗೆ ಹೋದಾಗ ದಂಡೆಯ ತುಂಬ ಮೋಟರ್ ಸೈಕಲ್ಲು. ಸ್ಪೀಕರಿನಲ್ಲಿ ಹಾಡು. ಮುದುಕನ ಹರಗೋಲು ಜನರನ್ನು ಹೊತ್ತು ಆಚೆ ದಡಕ್ಕೆ ಹೋಗಿತ್ತು, ಇನ್ನೊಬ್ಬನ ಹರಗೋಲು ಬೇಡಿಕೊಂಡು ದಾಟಿದೆ. ನಡುಗಡ್ಡೆಯಲ್ಲಿ ಹತ್ತಿಪ್ಪತ್ತು ಮಂದಿ ಗುಂಪುಗಟ್ಟಿದ್ದರು. ಆ ಸಂದಿಯ ಬಾಯಿಗೆ ಒಣಜೊಂಡು ಒಟ್ಟಿ ಬೆಂಕಿ ಹಚ್ಚಿದ್ದರು. ಮಧ್ಯದಲ್ಲಿ ಅವನು, ಕ್ಯಾಮೆರಾ ಎತ್ತಿ ಹಿಡಿದು ಹೇಳಿಕೊಡುತ್ತಿದ್ದ: “ಹಸಿ ಸೊಪ್ಪು ಹಾಕ್ರಿ, ಹೊಗಿ ಬರ್ಲಿ. ಹೊಗಿ ತಡಕೊಳ್ಳಂಗಿಲ್ಲ ಅವು, ಹೊರಗ ಬರ್ತಾವ.”

ನಾನು ಓಡಿಹೋಗಿ ಕಾಲಿನಿಂದ ಬೆಂಕಿ ಒದ್ದೆ. ಚಪ್ಪಲಿ ಸುಟ್ಟಿತು. “ಏನ್ ಮಾಡಾಕತ್ತೀರಿ? ಮರಿ ಅದಾವ ಒಳಗ!” ಎಂದು ಕೂಗಿದೆ.

ಗುಂಪಿನಲ್ಲಿ ಯಾರೋ “ಯಾರ್ರೀ ಈಕಿ?” ಎಂದರು.

ಅವನು ನನ್ನ ಕಡೆ ನೋಡಲೂ ಇಲ್ಲ. “ನಮ್ಮ ಕಾಲೇಜಿನಾಕಿ. ನನ್ನ ಬ್ಯಾಗ್ ಹಿಡಕೊಂಡು ಬರ್ತಿದ್ಲು. ಈಗ ಹೊಟ್ಟಿಕಿಚ್ಚು” ಎಂದ. ಎಲ್ಲ ನಕ್ಕರು.

ಅಷ್ಟರಲ್ಲಿ ಹೊಗೆಯೊಳಗಿಂದ ತಾಯಿ ಹೊರಬಿತ್ತು, ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸೀದಾ ನೀರಿಗೆ. ಎರಡನೆಯದು ತಾನಾಗಿ ಬಂತು. ಕಣ್ಣು ಮುಚ್ಚಿತ್ತು, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಜನರ ಕಾಲುಗಳ ನಡುವೆ ಅತ್ತಿತ್ತ ಓಡಿ ಜೊಂಡಿನೊಳಗೆ ಹೋಯಿತು. ಅವನ ಕ್ಯಾಮೆರಾ ನಿಲ್ಲದೆ ಕಟಕಟ ಅನ್ನುತ್ತಿತ್ತು.

ಗುಂಪು ಕರಗಿದ ಮೇಲೆ ನಾನೂ, ಜನರನ್ನು ದಡಕ್ಕೆ ಬಿಟ್ಟು ಬಂದ ಮುದುಕನೂ ಜೊಂಡಿನಲ್ಲಿ ಹುಡುಕಿದೆವು. ಸಿಕ್ಕಿತು. ಸತ್ತಿತ್ತು, ಇನ್ನೂ ಬೆಚ್ಚಗಿತ್ತು. ಮುದುಕ ಅದನ್ನು ಎತ್ತಿ ತನ್ನ ಟವೆಲಿನಲ್ಲಿ ಸುತ್ತಿದ. ಬಯ್ಯಲಿಲ್ಲ. ಉಸುಕಿನಲ್ಲಿ ಗುಂಡಿ ತೋಡಿ ಇಬ್ಬರೂ ಮುಚ್ಚಿದೆವು. ಮುಚ್ಚುವಾಗ ನನ್ನ ಕಿವಿಯಲ್ಲಿದ್ದದ್ದು ಆ ನಗು. ಮರಿಯ ಸಾವಿಗೆ ಎಷ್ಟು ಸಿಟ್ಟು, ಆ ಬ್ಯಾಗಿನ ಮಾತಿಗೆ ಎಷ್ಟು ಎಂದು ಬೇರೆ ಮಾಡಿ ಹೇಳಲು ನನಗೆ ಆಗುವುದಿಲ್ಲ. ಎರಡೂ ಸೇರಿ ಒಂದೇ ಆಗಿತ್ತು, ಮತ್ತು ಅದಕ್ಕೆ ಒಬ್ಬನೇ ವಾರಸುದಾರ.

ಮರುದಿನ ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವನೇ. ಎಲ್ಲ ಕೇಳಿ, “ಮಂದಿ ಹೋಗ್ಯಾರ, ಬೂದಿ ಉಳದೈತಿ. ನಾ ಯಾರನ್ನ ಹಿಡೀಲಿ ಹೇಳ್ರಿ? ಇನ್ನೊಮ್ಮಿ ಯಾರರ ಪರವಾನಗಿ ಇಲ್ದ ಒಳಗ ಬಂದ್ರ, ಅವ್ರು ಅಲ್ಲೇ ಇರೂವಾಗ ಫೋನ್ ಮಾಡ್ರಿ” ಎಂದ. ಆಮೇಲೆ ತುಸು ತಡೆದು, “ನಿಮ್ಮದು ಪರವಾನಗಿ ಐತೇನ್ರಿ?” ಎಂದು ಕೇಳಿದ. ಇರಲಿಲ್ಲ. ಅವತ್ತೇ ಅರ್ಜಿ ಹಾಕಿದೆ. ಒಬ್ಬಳಿಗೆ, ಒಂದು ಹರಗೋಲಿಗೆ, ನೋಡುವುದಕ್ಕೆ ಮಾತ್ರ ಎಂದು ಬರೆದು ಕೊಟ್ಟರು.

ಅವತ್ತಿನಿಂದ ನಾನು ಕಾಯತೊಡಗಿದೆ. ಮೊದಮೊದಲು ಅವನ ಮೋಟರ್ ಸೈಕಲ್ಲಿಗೆ ಮಣ್ಣು ಸುರಿಯುವ, ಲೆನ್ಸಿಗೆ ಮೊಳೆ ಗೀಚುವ ಯೋಚನೆಗಳು ಬರುತ್ತಿದ್ದವು. ಪಾಠ ಮಾಡುತ್ತ ಮಾಡುತ್ತ ಅವನು ಕೆಸರಿನಲ್ಲಿ ಕುತ್ತಿಗೆಯವರೆಗೆ ಹೂತುಹೋದದ್ದನ್ನು ಕಾಣುತ್ತಿದ್ದೆ, ಮಕ್ಕಳು “ಮಿಸ್, ಮುಂದೇನ್ರಿ?” ಎಂದು ಎಚ್ಚರಿಸಬೇಕಾಗುತ್ತಿತ್ತು. ಅವ್ವನಿಗೆ ಗೊತ್ತಾಗಿತ್ತು. “ಬಿಟ್ಟುಬಿಡಬೇ. ಬೆಂಕಿ ಕೈಯಾಗ ಹಿಡಕೊಂಡಾಕಿ ತಾನ ಮೊದಲ ಸುಟ್ಟುಕೊಳ್ತಾಳ” ಎಂದಳು. ನಾನು, “ಸುಡ್ಲಿ ಬಿಡವ್ವ, ಆಮ್ಯಾಲೆ ಅವಗ ಒಗೀತೀನಿ” ಎಂದೆ. ಅವ್ವ ಎದ್ದು ಒಳಗೆ ಹೋದಳು.

ಅವನ ಎದುರಿಗೆ ಮಾತ್ರ ನಾನು ನಗುತ್ತಲೇ ಇದ್ದೆ. ಹೊಳೆಯಲ್ಲಿ ಕಲಿತದ್ದು ಅದೇ ತಾನೇ. ಅಲುಗಾಡದೆ ಕೂತರೆ ಪ್ರಾಣಿ ತಾನಾಗಿ ಹತ್ತಿರ ಬರುತ್ತದೆ. ಅವನ ಮಗಳ ಹುಟ್ಟುಹಬ್ಬಕ್ಕೆ ಹೋಗಿ ಉಂಡು ಬಂದೆ. ಅವನ ಹೊಸ ಚಿತ್ರಗಳನ್ನು ಹೊಗಳಿದೆ. ನನ್ನ ಸಿಟ್ಟು ಇಳಿದುಹೋಗಿದೆ ಎಂದು ಅವನು ನಂಬಿದ. ಹೆಂಗಸರ ಸಿಟ್ಟು ಹಾಲಿನ ಉಕ್ಕು ಎಂದು ತಿಳಿದವರಲ್ಲಿ ಅವನೂ ಒಬ್ಬ.

ಮರುವರ್ಷ ಬಿಸಿಲು ಏರುವ ಹೊತ್ತಿಗೆ ಅವನೇ ಬಂದ. ಬಳ್ಳಾರಿ, ರಾಯಚೂರಿನ ಕಡೆಯಿಂದ ನಾಲ್ಕು ಜನ ಬರುತ್ತಾರಂತೆ. ಗಾಳಿ ತುಂಬುವ ಕಿತ್ತಳೆ ಬಣ್ಣದ ಕಯಾಕ್ ದೋಣಿಗಳನ್ನು ತರಿಸಿದ್ದಾನಂತೆ. ಹೊಳೆಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ, ಬಂಡೆ ಏರಿ, ನೀರುನಾಯಿ ತೋರಿಸಿಕೊಂಡು ಬರುವುದು. “ಆದ್ರ ಅವು ಹ್ವಾದ ವರ್ಷದ ಜಾಗದಾಗ ಇಲ್ರಿ ಮೇಡಂ. ಈಗ ಎಲ್ಲಿ ಅದಾವ ನಿಮಗ ಗೊತ್ತಿರ್ತೈತಿ” ಎಂದ.

“ಗೊತ್ತೈತಿ” ಎಂದೆ. “ಪರವಾನಗಿ ತಗೊಂಡೀರೇನು?”

“ಅದನ್ನ ಯಾರ್ ಕೇಳ್ತಾರ ಬಿಡ್ರಿ.”

“ತಗೊಂಡ್ರ ಚೊಲೋ” ಎಂದು ಇನ್ನೊಮ್ಮೆ ಹೇಳಿದೆ. ಅವನು ಕೈ ಬೀಸಿದ. ನಾನು ಎರಡು ಸಲ ಹೇಳಿದ್ದೇನೆ, ಆಮೇಲೆ ಯಾರೂ ಹೇಳಲಿಲ್ಲ ಅನ್ನಬಾರದು.

ಅವರು ಬರುವ ದಿನ ಮುದುಕನ ಹರಗೋಲು ಪಡೆದು, “ನೀ ಇವತ್ತ ಹೊಳಿ ಕಡೆ ಬರಬ್ಯಾಡ” ಎಂದೆ. ಮುದುಕ ನನ್ನ ಮುಖ ನೋಡಿದ. “ಏನ್ ಮಾಡಾಕಿ?” ಎಂದ. “ಹೊಳಿ ತೋರಸ್ತೀನಿ” ಎಂದೆ. ಅವನು ಹುಟ್ಟನ್ನು ನನ್ನ ಕೈಗೆ ಕೊಟ್ಟು ಹೊರಟುಹೋದ.

ಮೂರು ಕಯಾಕುಗಳಲ್ಲಿ ಅವರು ಐವರು, ಮುಂದೆ ಹರಗೋಲಿನಲ್ಲಿ ನಾನು. ಹೊಳೆ ಅವತ್ತು ಎಷ್ಟು ಚೆನ್ನಾಗಿತ್ತೆಂದರೆ ನನಗೇ ಸಂಕಟವಾಯಿತು. ಮಿಂಚುಳ್ಳಿಗಳು ನೀರಿಗೆ ಧುಮುಕಿ ಏಳುತ್ತಿದ್ದವು. ಬಂಡೆಗಳ ನೆರಳು ಹಸಿರು ನೀರಿನಲ್ಲಿ ನಿಂತಿತ್ತು. ಬಂದವರಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು, ಹುಟ್ಟು ಹಾಕುವುದನ್ನು ಮರೆತು ಬಾಯಿ ತೆರೆದು ನೋಡುತ್ತಿದ್ದಳು. ಅವನು ಮಾತ್ರ ದಾರಿಯುದ್ದಕ್ಕೂ ತನ್ನ ಸಾಹಸ ಹೇಳುತ್ತಲೇ ಇದ್ದ. “ಈ ಹೊಳಿ ನನ್ನ ಅಂಗೈ ಇದ್ದಂಗ” ಎಂದದ್ದು ನನಗೆ ಕೇಳಿಸಿತು.

ಹೊಳೆಯ ನಟ್ಟನಡುವಿನ ಒಂದು ನಡುಗಡ್ಡೆಗೆ ಅವರನ್ನು ಕರೆದೊಯ್ದೆ. ಮರವಿಲ್ಲ, ಬರೀ ಬಂಡೆ. ಅಲ್ಲಿ ನೀರುನಾಯಿ ಯಾವತ್ತೂ ಗೂಡು ಮಾಡಿದ್ದಿಲ್ಲ. ಹೇಲು ಹಾಕಲು ಬರುತ್ತವೆ, ಅಷ್ಟೇ. “ಇಲ್ಲಿ ಸೆಳವು ಜಾಸ್ತಿ, ಕಯಾಕ್ ಒಂದಕ್ಕೊಂದು ಕಟ್ಟಿ ನನ್ನ ಹರಗೋಲಿಗೆ ಸೇರಸ್ರಿ, ನಾ ಕಾಯ್ತೀನಿ” ಎಂದೆ. ಅವನೇ ಕಟ್ಟಿದ, ಗಂಟು ಸಡಿಲಾಗಿದೆಯೆಂದು ಮತ್ತೊಮ್ಮೆ ಬಿಗಿದ. ಅವರನ್ನು ಬಂಡೆ ಏರಿಸಿ, ಇಳಿಸಿ, ಆಚೆ ಬದಿಯ ಒಂದು ಬಿರುಕಿನ ಎದುರು ಕೂರಿಸಿದೆ. ಅವನಿಗೆಂದೇ ಒಂದು ಜಾಗ ತೋರಿಸಿದೆ: “ನೀವು ಇಲ್ಲಿ ಬೋರಲ ಮಲಗ್ರಿ, ಆ್ಯಂಗಲ್ ಚೊಲೋ ಸಿಗ್ತೈತಿ.” ಬಂಡೆಯ ಮೇಲೆ ಮೀನಿನ ಮುಳ್ಳು, ಚಿಪ್ಪು ಬೆರೆತ ಹಳೆಯ ಹೇಲು ಅಂಟಿತ್ತು. ಅವನು ಅದರ ಮೇಲೆಯೇ ಮಲಗಿದ. “ಏನೋ ವಾಸನಿ ಐತ್ರಿ” ಎಂದ. “ಅದ ಅವುಗಳ ಗುರ್ತ, ಹತ್ತರ ಅದಾವ” ಎಂದೆ. “ಅಲುಗಾಡಬ್ಯಾಡ್ರಿ, ಮಾತಾಡಬ್ಯಾಡ್ರಿ.”

ನೀರಿನ ಕ್ಯಾನನ್ನು ಅವರ ಹತ್ತಿರ ಇಟ್ಟೆ. ಬಾಯಾರಿ ಸಾಯಲಿ ಎಂಬುದು ನನ್ನ ಆಸೆಯಾಗಿರಲಿಲ್ಲ. ನಾಚಿಕೊಂಡು ಬಹಳ ದಿನ ಬದುಕಲಿ ಎಂಬುದಾಗಿತ್ತು. ಹಿಂದಕ್ಕೆ ಬಂದು ಹರಗೋಲು ಹತ್ತಿ, ಅರಣ್ಯ ಇಲಾಖೆಯ ಅಧಿಕಾರಿಗೆ ಫೋನು ಮಾಡಿ, ಹುಟ್ಟು ಹಾಕಿದೆ. ಮೂರು ಕಿತ್ತಳೆ ಕಯಾಕುಗಳು ತಾಯಿಯ ಹಿಂದೆ ಬರುವ ಬಾತುಮರಿಗಳ ಹಾಗೆ ನನ್ನ ಹಿಂದೆ ಬಂದವು.

ಅವನಿಗೆ ಗೊತ್ತಾಗಲು ಬಹಳ ಹೊತ್ತು ಹಿಡಿಯಿತು. ಬಂಡೆಯ ತುದಿಯಲ್ಲಿ ಅವನ ತಲೆ ಕಾಣಿಸಿದಾಗ ನಾನು ಕೆಳಗಿನ ಮಡುವಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಸೆಳವಿಲ್ಲದ ಕಡೆ ನಿಂತಿದ್ದೆ. ಬೇಕೆಂದೇ ನಿಂತಿದ್ದೆ.

“ಮೇಡಂ! ಎಲ್ಲಿ ಹೊಂಟೀರಿ?”

ನಾನು ಹುಟ್ಟನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡೆ.

“ಮೇಡಂ, ಏನ್ರಿ ಇದು, ತಮಾಷಿ? ಮಂದಿ ಅದಾರಿಲ್ಲಿ! ಬಿಸಲ ಐತಿ!”

“ಬ್ಯಾಗ್ ಹಿಡಕೊಂಡು ಬರಾಕಿ ಹೊಂಟಾಳ್ರಿ” ಎಂದು ಕೂಗಿದೆ. “ಹೊಳಿ ನಿಮ್ಮ ಅಂಗೈ ಇದ್ದಂಗ ಅಂದ್ರಲ್ಲ, ದಾಟಿ ಬರ್ರಿ.”

ಆಚೆ ಉಸುಕಿನ ದಿಬ್ಬದ ಮೇಲೆ ಒಂದು ಮೊಸಳೆ ಬಾಯಿ ತೆರೆದು ಮಲಗಿತ್ತು. ಅದನ್ನು ನಾನು ಇಟ್ಟದ್ದಲ್ಲ, ಅದು ದಿನಾ ಮಲಗುವ ಜಾಗ. ಆದರೆ ಅವನು ನೋಡಿದ. ಕೂಗು ಸಣ್ಣದಾಯಿತು. ಆಮೇಲೆ ಬೈದ, ಆಮೇಲೆ ಕೈಮುಗಿದ. “ಮಾಫಿ ಮಾಡ್ರಿ ಮೇಡಂ, ಕೈ ಮುಗೀತೀನಿ” ಎಂದ. ನಾನು ಅದನ್ನು ಪೂರ್ತಿ ನೋಡಿದೆ. ಹಸಿದವಳು ಉಂಡ ಹಾಗೆ ನೋಡಿದೆ.

ಇಲಾಖೆಯ ದೋಣಿ ಬಂತು. ಅವರನ್ನು ಇಳಿಸಿಕೊಂಡು ಪರವಾನಗಿ ಕೇಳಿದರು. “ಈ ಮೇಡಂ ಕರಕೊಂಡು ಬಂದದ್ದು!” ಎಂದು ಅವನು ನನ್ನ ಕಡೆ ಬೆರಳು ಮಾಡಿದ. ನಾನು ನನ್ನ ಪರವಾನಗಿ ತೋರಿಸಿದೆ. ಅಧಿಕಾರಿ ಅದನ್ನೂ ನನ್ನನ್ನೂ ನೋಡಿ, “ನೀವು ಬಂದಿದ್ದು ಬರೋಬ್ಬರಿ. ಇವರನ್ನ ಕರಕೊಂಡು ಬಂದದ್ದು ಬರೋಬ್ಬರಿ ಅಲ್ಲ” ಎಂದು ನನ್ನದನ್ನೂ ಮಡಚಿ ಜೇಬಿಗೆ ಹಾಕಿಕೊಂಡ. ಅವನ ಕ್ಯಾಮೆರಾ, ಕಯಾಕುಗಳು ಜಪ್ತಿಯಾದವು. ಅತಿಥಿಗಳಲ್ಲಿ ಇಬ್ಬರು ಅಲ್ಲೇ ಅವನ ಮೇಲೆ ಹರಿಹಾಯ್ದರು. ಅಂಗಿಯ ಮುಂಭಾಗಕ್ಕೆಲ್ಲ ಮೀನಿನ ಮುಳ್ಳು ಅಂಟಿಕೊಂಡು, ನಾರುತ್ತ, ತಲೆ ತಗ್ಗಿಸಿ ಕೂತಿದ್ದ.

ಡಾಕ್ಟರಮ್ಮ ಮಾತ್ರ ನನ್ನ ಹತ್ತಿರ ಬಂದು ಕೇಳಿದಳು: “ನಿಮ್ಮ ಜಗಳ ಏನರ ಇರಲಿ. ನಮಗ್ಯಾಕ ಈ ಶಿಕ್ಷಿ? ನಾವೇನ್ ಮಾಡಿದ್ವಿ?” ಮುಖ ಬಿಸಿಲಿಗೆ ಕೆಂಪಗೆ ಬೆಂದಿತ್ತು.

ಪ್ರಕರಣ ದಾಖಲಾಯಿತು. ಪುರವಣಿಯವರು ಅವನ ಬರಹ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಕಾಲೇಜಿನಲ್ಲಿ ಮಕ್ಕಳು ಅವನು ಬಂದಾಗ ಮೂಗು ಹಿಡಿದುಕೊಳ್ಳತೊಡಗಿದರು. ಆ ವಾಸನೆಯ ಸುದ್ದಿ ಹೇಗೆ ಹಬ್ಬಿತೋ ಗೊತ್ತಿಲ್ಲ ಎಂದು ನಾನು ಎಲ್ಲರ ಮುಂದೆ ಹೇಳುತ್ತೇನೆ. ವರ್ಷದ ಕೊನೆಗೆ ಅವನು ಬೇರೆ ಊರಿನ ಕಾಲೇಜು ಸೇರಿದ. ಹೋಗುವ ಮೊದಲು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ನನ್ನ ಮೇಜಿನ ಹತ್ತಿರ ನಿಂತು, “ಒಂದ್ ನೀರನಾಯಿ ಮರಿ ಸಲುವಾಗಿ ನನ್ನ ಇಜ್ಜತ್ ತಗದ್ರಿ” ಎಂದ.

“ಹೌದು” ಎಂದೆ.

ಇನ್ನೇನಾದರೂ ಹೇಳುತ್ತೇನೆಂದು ಕಾದ. ನಾನು ಉತ್ತರ ಪತ್ರಿಕೆ ತಿದ್ದುತ್ತ ಕೂತೆ.

ನನಗೂ ಹೊಳೆ ಇಲ್ಲವಾಯಿತು. ಆಮೇಲೆ ಇಲಾಖೆಯವರು ಆ ಹರಿವಿಗೆ ಯಾರನ್ನೂ ಬಿಡುತ್ತಿಲ್ಲ. ಹೊಸ ಬೋರ್ಡು, ಕಾವಲಿನವರು, ದಂಡೆಗೆ ತಂತಿ. ನಾನು ಮತ್ತೆ ಅರ್ಜಿ ಹಾಕಿದೆ, ಪರವಾನಗಿ ಬರಲಿಲ್ಲ. ಮೀನು ಹಿಡಿಯುವ ಹಳೆಯ ಹಕ್ಕಿರುವವರಿಗೆ ಮಾತ್ರ ಮೇಲಿನ ಮಡುವಿನವರೆಗೆ ಅವಕಾಶವಿದೆಯಂತೆ. ಭಾನುವಾರಗಳು ಉದ್ದವಾಗಿವೆ. ಅವ್ವ, “ಏನ್ ಸಿಕ್ಕಿತಬೇ ನಿನಗ?” ಎಂದು ಒಂದು ಸಲ ಕೇಳಿದಳು. ನೀರುನಾಯಿಗಳಿಗೆ ಹೊಳೆ ಸಿಕ್ಕಿತು ಎಂದು ಹೇಳಬಹುದಿತ್ತು, ಕೇಳಲು ಚೆನ್ನಾಗಿರುತ್ತಿತ್ತು. ಆದರೆ ಅವ್ವನ ಹತ್ತಿರ ನಾನು ಸುಳ್ಳು ಹೇಳುವುದಿಲ್ಲ. “ಅವ ಕೈ ಮುಗದಿದ್ದು ಸಿಕ್ಕಿತವ್ವ” ಎಂದೆ.

ಮೊನ್ನೆ ಪರೀಕ್ಷೆ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಿದ್ದೆ. ಅವನೂ ಬಂದಿದ್ದ. ಕೊಠಡಿಯ ಆ ತುದಿಯಲ್ಲಿ ನನ್ನನ್ನು ಕಂಡವನೇ ತಿರುಗಿ, ನೀರು ಕುಡಿಯುವವನಂತೆ ಹೊರಗೆ ಹೋದ. ಊಟದ ಹೊತ್ತಿನವರೆಗೂ ವರಾಂಡದ ಬಿಸಿಲಿನಲ್ಲೇ ನಿಂತಿದ್ದ. ನಾನು ಕಿಟಕಿಯ ಹತ್ತಿರದ ಕುರ್ಚಿ ಆರಿಸಿಕೊಂಡು, ಅವನಿಗೆ ಚೆನ್ನಾಗಿ ಕಾಣುವ ಹಾಗೆ ಕೂತು, ಬುತ್ತಿ ಬಿಚ್ಚಿದೆ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಪಕ್ಕದಲ್ಲಿದ್ದಾಕೆ, “ಭಾಳ ಖುಷಿಯಿಂದ ಉಣ್ಣಾಕತ್ತೀರಲ್ರಿ” ಎಂದಳು. ಅವಳಿಗೂ ಒಂದು ರೊಟ್ಟಿ ಮುರಿದು ಕೊಟ್ಟೆ.